ಗುಡ್ಡದ ಬುಡದಲ್ಲಿ ಕಾದ ಐದು ದಿನ

ಹೋದ ಮಾಘದ ಕೊನೆಗೆ ಶಹಾಬಾದಿನಿಂದ ಚಿತ್ತಾಪುರಕ್ಕೆ ಬಸ್ಸಿನಲ್ಲಿ ಹೊರಟಿದ್ದೆ. ಹಿಂದಿನ ಸಂಜೆ ಆಣೆಕಲ್ಲು ಬಿದ್ದಿತ್ತು. ವಾಡಿ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಬಿಳಿಜೋಳ ನೆಲಕ್ಕೆ ಮಲಗಿತ್ತು. ಎದುರಿಗೆ ದನಗಳು ಬಂದವೆಂದು ಬಸ್ಸು ನಿಂತಾಗ ಕಿಟಕಿಯಿಂದ ಆ ವಾಸನೆ ಒಳಗೆ ಬಂತು. ಜಜ್ಜಿಹೋದ ಜೋಳದ ದಂಟು, ಒದ್ದೆ ಕರಿಮಣ್ಣು, ಅದರ ಮೇಲೆ ಆಗತಾನೆ ಬಿದ್ದ ಬಿಸಿಲು. ಪಕ್ಕದಲ್ಲಿದ್ದ ಮೊಮ್ಮಗಳು ನನ್ನ ಮುಖ ನೋಡಿ, "ಯಾಕ ಮುತ್ಯಾ, ಸುಸ್ತ ಆಗ್ಯಾದೇನು?" ಎಂದಳು. ಕಿಟಕಿ ಮುಚ್ಚು ಎಂದೆ. ಅವಳು ಮುಚ್ಚಿದಳು. ವಾಸನೆ ಒಳಗೇ ಉಳಿಯಿತು.

ಆ ವಾಸನೆ ಮೊದಲು ಅಂಟಿಕೊಂಡಾಗ ನನಗೆ ಇಪ್ಪತ್ತಮೂರು ವರ್ಷ. ನಿಜಾಮರ ಕಾಲ; ಎರಡನೆಯ ಮಹಾಯುದ್ಧಕ್ಕೆ ಇನ್ನೂ ಒಂದೆರಡು ವರ್ಷವಿತ್ತು. ಸೇಡಂನಲ್ಲಿ ಉರ್ದು ಶಾಲೆ ಮುಗಿಸಿದ ನನಗೆ ಚಿಂಚೋಳಿ ತಾಲ್ಲೂಕಿನಲ್ಲಿ ಸಿಡುಬಿನ ಲಸಿಕೆ ಹಾಕುವ ಕೆಲಸ ಸಿಕ್ಕಿತ್ತು. ಸಿಡುಬನ್ನು ದೇವಿ, ಅಮ್ಮ ಎಂದು ಕರೆಯುತ್ತಿದ್ದ ಊರವರು ನನ್ನನ್ನು 'ದೇವಿ ಡಾಕ್ಟರ್' ಎನ್ನುತ್ತಿದ್ದರು. ಡಾಕ್ಟರಿಕೆ ನನಗೇನೂ ಗೊತ್ತಿರಲಿಲ್ಲ. ಮಗುವಿನ ತೋಳಿನ ಮೇಲೆ ನಾಲ್ಕು ಕಡೆ ಗೀರುವುದು, ಗಾಜಿನ ನಳಿಕೆಯಲ್ಲಿದ್ದ ಲಸಿಕೆಯನ್ನು ಅದರ ಮೇಲೆ ಸವರುವುದು, ಎಂಟು ದಿನ ಬಿಟ್ಟು ಬಂದು ಗುಳ್ಳೆ ಎದ್ದಿದೆಯೋ ಇಲ್ಲವೋ ನೋಡುವುದು, ಇಷ್ಟೇ ನನ್ನ ವಿದ್ಯೆ. ಗುಳ್ಳೆ ಎದ್ದರೆ ಲಸಿಕೆ ಹಿಡಿಯಿತು, ಮಗು ಉಳಿಯಿತು. ಏಳದಿದ್ದರೆ ಗೀರಿದ್ದು ವ್ಯರ್ಥ.

ಲಸಿಕೆ ಹೈದರಾಬಾದಿನಿಂದ ರೈಲಿನಲ್ಲಿ ಸೇಡಂಗೆ ಬಂದು, ಅಲ್ಲಿಂದ ಚಕ್ಕಡಿಯಲ್ಲಿ ಚಿಂಚೋಳಿ ಸೇರುತ್ತಿತ್ತು. ಅದು ಬಿಸಿಗೆ ಬೇಗ ಕೆಡುತ್ತದೆ. ಆದ್ದರಿಂದ ನಮ್ಮ ಕೆಲಸವೆಲ್ಲ ಚಳಿಗಾಲದ್ದು. ಗಡಿಗೆಯೊಳಗೆ ಒದ್ದೆ ಮರಳು, ಮರಳಿನೊಳಗೆ ತಗಡಿನ ಡಬ್ಬಿ, ಡಬ್ಬಿಯಲ್ಲಿ ಅರಳೆ ಸುತ್ತಿದ ನಳಿಕೆಗಳು. ಆ ಗಡಿಗೆಯನ್ನು ಹೊತ್ತು ನನ್ನ ಜೊತೆ ತಿರುಗುತ್ತಿದ್ದವರು ದವಾಖಾನೆಯ ಜವಾನ ಮಹಬೂಬ್ ಚಾಚಾ. ಐವತ್ತು ದಾಟಿದವರು, ಗಡ್ಡಕ್ಕೆ ಮದರಂಗಿ, ಮುಖದ ತುಂಬ ಸಿಡುಬಿನ ಕಲೆ. ಮಗುವನ್ನು ಬಚ್ಚಿಡುವ ತಾಯಂದಿರ ಮುಂದೆ ಅವರು ಕುಕ್ಕರಗಾಲಲ್ಲಿ ಕುಳಿತು, "ನನ್ನ ಮಾರಿ ಒಮ್ಮಿ ನೋಡ್ರಿ ಅವ್ವಾ. ಆಮ್ಯಾಲ ಬ್ಯಾಡ ಅನ್ರಿ" ಎನ್ನುತ್ತಿದ್ದರು. ಅಷ್ಟಕ್ಕೇ ಬಾಗಿಲು ತೆರೆಯುತ್ತಿದ್ದವು. ನನ್ನ ಸರ್ಕಾರಿ ಟೋಪಿಗೆ ಆ ಶಕ್ತಿ ಇರಲಿಲ್ಲ.

ಆ ಮಾಘದ ಒಂದು ಸೋಮವಾರ ನಾವು ಹುಣಸಗೇರಿಯಲ್ಲಿದ್ದೆವು. ಚಿಂಚೋಳಿಯ ಆಚೆ ಕೆಂಪುಕಲ್ಲಿನ ಗುಡ್ಡಗಳು ಏಳುವ ಕಡೆ ಇದ್ದ ಸಣ್ಣ ಹಳ್ಳಿ. ಚಾವಡಿಯ ಕಟ್ಟೆಯ ಮೇಲೆ ಕುಳಿತು ಇಡೀ ದಿನ ಮಕ್ಕಳ ತೋಳು ಗೀರಿದೆ. ಕಟ್ಟಿಗೆ ಹೊರೆ ಪಕ್ಕಕ್ಕಿಟ್ಟು ಒಬ್ಬ ಲಂಬಾಣಿ ಹೆಂಗಸು ಬೇವಿನ ಮರಕ್ಕೆ ಒರಗಿ ಬೆಳಗಿನಿಂದ ನಮ್ಮನ್ನೇ ನೋಡುತ್ತಿದ್ದಳು. ಕಟ್ಟಿಗೆ ಮಾರಲು ಎದ್ದೂ ಹೋಗಲಿಲ್ಲ. ಎಲ್ಲರೂ ಹೋದ ಮೇಲೆ ಹತ್ತಿರ ಬಂದಳು. ಅವಳ ಹೆಸರು ಸೋನಿಬಾಯಿ. ಗುಡ್ಡದ ಮೇಲಿನ ತಾಂಡಾದವಳು. ಮೂವತ್ತರ ಒಳಗಿನ ವಯಸ್ಸು. ಯಾರನ್ನೇ ಆಗಲಿ ಏಕವಚನದಲ್ಲಿ ಮಾತಾಡಿಸುತ್ತಿದ್ದಳು.

"ಸಾಬ, ಮ್ಯಾಲ ಅಮ್ಮ ಬಂದಾಳ. ಎರಡು ಕೂಸು ಮಲಗ್ಯಾವ. ನೀ ಬರಬೇಕು."

"ತೋಳಿನ ಮ್ಯಾಲ ಲಸಿಕಿ ಗುರ್ತ ಇಲ್ಲದ ಕೂಸುಗಳು ಎಷ್ಟವ ಅಲ್ಲಿ?" ಎಂದು ಕೇಳಿದೆ.

ಅವಳಿಗೆ ಎಣಿಕೆ ಬರುತ್ತಿರಲಿಲ್ಲ. ಒಂದೊಂದೇ ಹೆಸರು ಹೇಳುತ್ತ ಬೆರಳು ಮಡಚಿದಳು. ಚಾಚಾ ಎಣಿಸಿದರು. ಮಲಗಿದ್ದ ಇಬ್ಬರೂ ಸೇರಿ ಹತ್ತೊಂಬತ್ತು. ಕೊನೆಯ ಹೆಸರು ಝಮಕಿ, ಅವಳದೇ ಮಗಳು, ಮೂರು ವರ್ಷದವಳು. ನಮ್ಮ ಡಬ್ಬಿಯಲ್ಲಿ ಇಪ್ಪತ್ತು ನಳಿಕೆ ಉಳಿದಿದ್ದವು.

ಮರುದಿನ ನಸುಕಿಗೇ ಹೊರಡುವುದೆಂದು ನಿರ್ಧರಿಸಿದೆ. ಚಾವಡಿಯ ಹಾಸುಗಲ್ಲಿನ ಮೇಲೆ ಇದ್ದಲಿನಿಂದ ಗುಡ್ಡದ ನಕ್ಷೆ ಬರೆದೆ. ಮೇಲೆ ಹೋಗಲು ಎರಡು ದಾರಿ. ಒಂದು ಹಳ್ಳದ ಕಣಿವೆಯೊಳಗಿನದು. ನಾಲ್ಕು ತಾಸಿನ ಏರು, ನೆರಳು, ತಂಪು. ಆದರೆ ಏಳು ಕಡೆ ನೀರು ದಾಟಬೇಕು. ಇನ್ನೊಂದು ಗುಡ್ಡದ ಬೆನ್ನಿನ ಮೇಲಿನದು. ನೀರಿಲ್ಲ, ನೆರಳಿಲ್ಲ, ಏಳೆಂಟು ತಾಸು. ಹಳ್ಳದ ದಾರಿ ಎಂದಾಯಿತು. ಬಾವಿಯ ಹಗ್ಗ, ಎರಡು ಬಿದಿರು ಕೋಲು, ಒಣಗಿದ ಕಟಿರೊಟ್ಟಿ, ನಂಚಿಕೊಳ್ಳಲು ಶೇಂಗಾ ಹಿಂಡಿ ಹೊಂದಿಸಿದೆವು. ಒದ್ದೆ ಬಂಡೆಯ ಮೇಲೆ ಕೆರ ಜಾರುತ್ತವೆ, ಬರಿಗಾಲಲ್ಲಿ ಬಾ ಎಂದಳು ಸೋನಿಬಾಯಿ. ಎಲ್ಲವೂ ಸರಿಯಾಗಿತ್ತು. ನನಗೆ ಖುಷಿಯೂ ಇತ್ತು. ತಾಂಡಾದವರು ತಾವಾಗಿ ಕರೆದರೆಂದು ವರದಿಯಲ್ಲಿ ಬರೆಯಬಹುದಲ್ಲ ಎಂದುಕೊಂಡಿದ್ದೆ.

ಸಂಜೆ ಮೂಡಣದಿಂದ ಗಾಳಿ ಎದ್ದಿತು. ಗುಡ್ಡ ಕಾಣದಾಯಿತು. ಸ್ವಲ್ಪ ಹೊತ್ತಿಗೆ ಆಣೆಕಲ್ಲು ಬಿದ್ದವು, ಅಡಿಕೆ ಗಾತ್ರದವು. ಎಳೆ ತೆನೆ ಸುಟ್ಟು ಸೀತನಿ ತಿನ್ನುವ ಹದ ದಾಟಿ ಇನ್ನೇನು ಕೊಯ್ಲಿಗೆ ಬರಲಿದ್ದ ಜೋಳ ಊರ ಸುತ್ತ ಮಲಗಿಹೋಯಿತು. ಮನೆಮನೆಯಿಂದ ಹೆಂಗಸರು ಅಳುವುದು ಕೇಳುತ್ತಿತ್ತು. ಆಮೇಲೆ ಮಳೆ.

ಮಂಗಳವಾರ ಬೆಳಿಗ್ಗೆ ಜಿನುಗು ನಿಂತಿರಲಿಲ್ಲ. ಚಾಚಾ ಹೋಗಿ ಹಳ್ಳ ನೋಡಿಬಂದರು.

"ಮೊದಲ್ನೇ ದಾಟು ಮೊಣಕಾಲ ಮಟ ಅದರಿ. ಹೋಗಬಹುದು."

"ಮುಂದಿಂದು?"

ಸೋನಿಬಾಯಿ ಹೇಳಿದಳು: "ಐದನೇದ್ದು ಅಷ್ಟ ಆಳ. ಸೊಂಟಕ್ಕ ಬಂದೀತು. ನಾ ಮುಂದ ಹೋಗ್ತೀನಿ, ನೀ ಕೋಲು ಹಿಡಿ."

ನಾನು ಮೋಡ ನೋಡಿದೆ, ಗಡಿಗೆ ನೋಡಿದೆ. "ಕಾಲು ಜಾರಿದ್ರ ನಳಿಕಿ ಒಡೀತಾವ. ಎಲ್ಲಾ ಹಾಳಾಗ್ತದ. ನೀರು ಇಳೀಲಿ" ಎಂದೆ.

ಇದು ಸುಳ್ಳಾಗಿರಲಿಲ್ಲ. ನಳಿಕೆಗಳು ಒಡೆಯುತ್ತಿದ್ದವು. ಆದರೆ ನಿಜವಾದ ಕಾರಣವನ್ನು ನಾನು ಅಲ್ಲಿ ಯಾರಿಗೂ ಹೇಳಲಿಲ್ಲ. ನಾನು ಮಳಖೇಡದವನು, ಕಾಗಿಣಾ ದಂಡೆಯಲ್ಲಿ ಬೆಳೆದವನು. ಹನ್ನೆರಡನೆಯ ವಯಸ್ಸಿನಲ್ಲಿ ಕೋಟೆಯ ಕೆಳಗಿನ ಮಡುವಿನಲ್ಲಿ ಮುಳುಗಿದ್ದೆ. ಬಟ್ಟೆ ಒಗೆಯುತ್ತಿದ್ದ ಒಬ್ಬ ಹೆಂಗಸು ಕೂದಲು ಹಿಡಿದು ಎಳೆದುಹಾಕಿದಳು. ಅಂದಿನಿಂದ ಹರಿಯುವ ನೀರು ಮೊಣಕಾಲು ಮುಟ್ಟಿದರೆ ಎದೆ ಕಟ್ಟುತ್ತಿತ್ತು. ಹೊಳೆಯ ದಂಡೆಯವನು ನೀರಿಗೆ ಹೆದರುತ್ತಾನೆಂದು ಹೇಳಿಕೊಳ್ಳುವುದು ಆ ವಯಸ್ಸಿನಲ್ಲಿ ಸಾಧ್ಯವಿರಲಿಲ್ಲ. ಹೇಳಲು ಲಸಿಕೆಯ ಮಾತಿತ್ತು, ಅದನ್ನೇ ಹೇಳಿದೆ.

ಸೋನಿಬಾಯಿ ಕೈ ಚಾಚಿದಳು.

"ಹಂಗಾದ್ರ ನೀ ಬರಬ್ಯಾಡ. ಗಡಿಗಿ ಕೊಡು. ತಲಿ ಮ್ಯಾಲ ಹೊತ್ಕೊಂಡು ಹೋಗ್ತೀನಿ. ಕಟಿಗಿ ಹೊರಿ ಹೊತ್ತು ದಿನಾ ದಾಟ್ತೀನಿ ನಾ, ಒಮ್ಮಿನೂ ಬಿದ್ದಿಲ್ಲ."

"ಅದನ್ನ ಹಾಕೋರು ಯಾರು?"

"ನಾನ ಹಾಕ್ತೀನಿ. ನಿನ್ನಿ ಇಡೀ ದಿನ ನೋಡೀನಿ ನೀ ಗೀರೋದು. ನಾಕು ಕಡಿ ಗೀರೋದು, ನೆತ್ತರ ಭಾಳ ಬರಬಾರ್ದು, ಔಷಧ ಹಚ್ಚಿ ಒಣಗೋ ಮಟ ಕೈ ಹಿಡ್ಕೋಬೇಕು. ಹೌದಲ್ಲೊ?"

ಒಂದೂ ತಪ್ಪಿರಲಿಲ್ಲ. ನನಗೆ ಅದನ್ನು ಕಲಿಯಲು ಒಂದು ತಿಂಗಳು ಹಿಡಿದಿತ್ತು.

ಚಾಚಾ ನನ್ನನ್ನು ಪಕ್ಕಕ್ಕೆ ಕರೆದರು. "ಕೊಟ್ಟು ಕಳಿಸ್ರಿ ಸಾಹೇಬ್ರ. ನಾನೂ ಆಕಿ ಸಂಗಾಟ ಹೋಗ್ತೀನಿ. ಇಪ್ಪತ್ತು ವರ್ಷ ನೋಡೀನಿ, ನನಗೂ ಗೀರಾಕ ಬರ್ತದ. ಮೋಡ ಅದ, ತಂಪದ. ಔಷಧಕ್ಕ ಇದಕ್ಕಿಂತ ಛಲೋ ದಿನ ಸಿಗಾಂಗಿಲ್ಲ."

ಅದೂ ನಿಜ. ಮೋಡ ಲಸಿಕೆಗೆ ಒಳ್ಳೆಯದು, ದಾರಿಗೆ ಕೆಟ್ಟದ್ದು. ಬಿಸಿಲು ಬಿದ್ದರೆ ದಾರಿ ಒಣಗುತ್ತದೆ, ಲಸಿಕೆ ಕೆಡುತ್ತದೆ. ಚಳಿಗಾಲ ಮುಗಿಯುವ ಆ ಹೊತ್ತಿನಲ್ಲಿ ಎರಡೂ ಒಟ್ಟಿಗೆ ಸಿಗುವುದಿಲ್ಲವೆಂದು ನನಗೆ ಅವರಷ್ಟೇ ಚೆನ್ನಾಗಿ ಗೊತ್ತಿತ್ತು.

"ಕಾಯ್ದೆದಾಗ ಇಲ್ಲ ಚಾಚಾ. ಏನರ ಆದ್ರ ನೌಕರಿ ಹೋಗೋದು ನಂದು" ಎಂದೆ.

ಅವರು ಗಡ್ಡ ಕೆರೆದುಕೊಂಡರು. ಸೋನಿಬಾಯಿ ಮತ್ತೆ ಕೇಳಲಿಲ್ಲ. ಮಾರದೆ ಉಳಿದ ಕಟ್ಟಿಗೆ ಹೊರೆಯನ್ನು ಚಾವಡಿಯ ಮೂಲೆಗೆ ತಳ್ಳಿ, "ಛಳಿ ಅದ, ಸುಟ್ಕೋರಿ" ಎಂದು ಹೇಳಿ, ಜಿನುಗಿನಲ್ಲಿ ಹಳ್ಳದ ಕಡೆ ನಡೆದಳು. ಅವಳ ಕೆಂಪು ಓಢಣಿ ಮರಗಳೊಳಗೆ ಹೋಗುವವರೆಗೆ ಚಾಚಾ ನೋಡುತ್ತ ನಿಂತಿದ್ದರು. ನಾನು ನಕ್ಷೆ ಅಳಿಸಿ ಹೊಸದೊಂದು ಬರೆಯಲು ಕುಳಿತೆ.

ಬುಧವಾರ ಮಳೆ ಇರಲಿಲ್ಲ. ಆದರೆ ಮೋಡ ಹಾಗೇ ಇತ್ತು. ಗುಡ್ಡದ ಬೆನ್ನಿನ ದಾರಿ ಹಿಡಿಯೋಣ ಎಂದೆ. ಅಲ್ಲಿ ಇಪ್ಪೆಯ ಹೂ ಬೀಳುವ ಹೊತ್ತು, ಮರಿ ಹಾಕಿದ ಕರಡಿ ತಿರುಗುತ್ತಿದೆ ಎಂದು ಊರಿನ ದನಗಾಹಿ ಹೇಳಿದ. ಅದು ಪ್ರತಿ ವರ್ಷವೂ ತಿರುಗುತ್ತಿತ್ತಂತೆ, ಜನ ಪ್ರತಿ ವರ್ಷವೂ ಓಡಾಡುತ್ತಿದ್ದರಂತೆ. ಅವನ ಮಾತಿನಲ್ಲಿ ಆ ಭಾಗವನ್ನು ನಾನು ಕೇಳಿಸಿಕೊಳ್ಳಲಿಲ್ಲ. ಗುರುವಾರ ಮಧ್ಯಾಹ್ನದವರೆಗೆ ಮಂಜು. ಹತ್ತು ಮಾರಿನಾಚೆ ಏನೂ ಕಾಣದು. ಹೊರಟರೆ ಹೊತ್ತು ಸಾಲದು ಎಂದೆ. ಹಾಸುಗಲ್ಲಿನ ಮೇಲೆ ನನ್ನ ನಕ್ಷೆ ದಿನದಿನಕ್ಕೆ ದೊಡ್ಡದಾಗುತ್ತ ಹೋಯಿತು. ಎಲ್ಲಿ ಕೂರುವುದು, ಎಲ್ಲಿ ಗಡಿಗೆಗೆ ನೀರು ಚಿಮುಕಿಸುವುದು, ಎಷ್ಟು ಹೊತ್ತಿಗೆ ಎಲ್ಲಿರಬೇಕು, ಎಲ್ಲ ಗುರುತು ಹಾಕಿದ್ದೆ. ಊರವರು ಬಂದು ನೋಡಿ, "ಭಾಳ ಶಾಣ್ಯಾ ಅದಾರ ಡಾಕ್ಟರ್ ಸಾಹೇಬ್ರು" ಎಂದು ಹೋಗುತ್ತಿದ್ದರು. ಚಾಚಾ ಮಾತ್ರ ಆ ಕಡೆ ನೋಡುತ್ತಿರಲಿಲ್ಲ. ದಿನಕ್ಕೆ ಮೂರು ಸಲ ಮರಳಿಗೆ ನೀರು ಹಾಕುತ್ತಿದ್ದರು. ಗಡಿಗೆಯ ಹೊಟ್ಟೆಗೆ ಕೈಯಿಟ್ಟು, ಜ್ವರದ ಮಗುವಿನ ಹಣೆ ನೋಡುವವರಂತೆ ನೋಡುತ್ತಿದ್ದರು.

ಶುಕ್ರವಾರ ಬೆಳಿಗ್ಗೆ ಎದ್ದಾಗ ಆಕಾಶ ತೊಳೆದಿಟ್ಟಂತಿತ್ತು. ಸೂರ್ಯ ಬಂದ. ಬರೀ ಬಂದದ್ದಲ್ಲ, ಬೇಸಿಗೆಯನ್ನೇ ಕರೆದುಕೊಂಡು ಬಂದ. ಮಧ್ಯಾಹ್ನದ ಹೊತ್ತಿಗೆ ಚಾವಡಿಯ ಕಲ್ಲು ಕಾಲು ಸುಡುವಂತಾಯಿತು. ಮಲಗಿದ ಜೋಳದಿಂದ ಹುಳಿವಾಸನೆ ಏಳತೊಡಗಿತು.

"ಇವತ್ತ?" ಎಂದರು ಚಾಚಾ.

"ಜೇಡಿ ಇನ್ನೂ ಆರಿಲ್ಲ. ನಾಳೆ ಒಂದಿನ."

ಶನಿವಾರ ಅವರು ಕೇಳಲೇ ಇಲ್ಲ. ಹಗ್ಗವನ್ನು ಬಾವಿಗೆ ಹಿಂದಿರುಗಿಸಿ ಬಂದರು. ಹೊತ್ತು ಇಳಿದ ಮೇಲೆ ನಾನೇ ಹಳ್ಳದವರೆಗೆ ಹೋಗಿ ನೋಡಿದೆ. ಮೊದಲ ದಾಟಿನಲ್ಲಿ ನೀರು ಹಿಮ್ಮಡಿ ಮುಚ್ಚುವಷ್ಟಿತ್ತು. ನಾಳೆ ಹೊರಡೋಣ ಎಂದು ಬಂದು ಹೇಳಿದೆ. ಅವರು ಗಡಿಗೆಗೆ ಒದ್ದೆ ಗೋಣಿ ಸುತ್ತಿದರು.

ಭಾನುವಾರ ನಸುಕಿನಲ್ಲಿ ಹೊರಟೆವು. ಏರು ಕಷ್ಟವೇನಿರಲಿಲ್ಲ. ಕೆಂಪುಕಲ್ಲಿನ ಮೆಟ್ಟಿಲಿನಂಥ ಬಂಡೆಗಳು, ಎರಡೂ ಕಡೆ ಬಿದಿರು, ಎಲೆ ಉದುರಿಸಿದ ತೇಗ. ನಾಲ್ಕು ದಾಟು ನಾನು ಎಣಿಸಿಕೊಂಡು ಬಂದೆ. ಐದನೆಯದರ ಹತ್ತಿರ ಕಣಿವೆ ಕಿರಿದಾಗಿತ್ತು. ನೀರು ಮೀನಖಂಡದ ಅರ್ಧಕ್ಕೂ ಇರಲಿಲ್ಲ. ದಾಟಿ ಆಚೆ ಬಂಡೆ ಹಿಡಿದು ನಿಂತಾಗ ಅದರ ಬಿರುಕಿನಲ್ಲಿ ಮಂಗಳವಾರದ ನೆರೆ ಬಿಟ್ಟುಹೋದ ಕಸಕಡ್ಡಿ, ಬಿದಿರೆಲೆ ಸಿಕ್ಕಿಕೊಂಡಿದ್ದು ಕಂಡಿತು. ಪಕ್ಕದಲ್ಲಿ ನಿಂತು ಅಳೆದೆ. ಅದು ನನ್ನ ತೊಡೆಯ ಮಧ್ಯಕ್ಕಿತ್ತು. ನೀರು ಏರಿದ್ದು ಅಷ್ಟೇ.

ಚಾಚಾ ಮೇಲಿನ ಬಂಡೆಯ ಮೇಲೆ ಗಡಿಗೆ ಹಿಡಿದು ನನ್ನನ್ನು ನೋಡುತ್ತಿದ್ದರು. "ಬರ್ರಿ, ಬಿಸಿಲು ಏರಾಕತ್ತದ" ಎಂದರು.

ತಾಂಡಾದ ಹೊರಗಿನ ಗುಡಿಸಲುಗಳಿಗೆ ಮುಳ್ಳು ಅಡ್ಡ ಹಾಕಿದ್ದರು. ನಾಯಿ ಬೊಗಳಿತು, ಯಾರೂ ಹೊರಗೆ ಬರಲಿಲ್ಲ. ಆಮೇಲೆ ಸೋನಿಬಾಯಿ ಬಂದಳು. ಯಾಕೆ ಇಷ್ಟು ದಿನ ಎಂದು ಅವಳು ಕೇಳುತ್ತಾಳೆ ಎಂದುಕೊಂಡು ದಾರಿಯುದ್ದಕ್ಕೂ ಉತ್ತರ ಹೊಂದಿಸಿಕೊಂಡು ಬಂದಿದ್ದೆ. ಅವಳು ಕೇಳಲಿಲ್ಲ. ಮಕ್ಕಳನ್ನು ಸಾಲಾಗಿ ನಿಲ್ಲಿಸಿದಳು. ಮೊದಲು ಮಲಗಿದ್ದ ಇಬ್ಬರೂ ತೀರಿಕೊಂಡಿದ್ದರು. ಇನ್ನೂ ನಾಲ್ವರಿಗೆ ಮೈತುಂಬ ಎದ್ದಿತ್ತು. ಉಳಿದವರು ಹದಿಮೂರು. ಒಬ್ಬೊಬ್ಬರದೇ ತೋಳು ಗೀರುತ್ತ ಹೋದೆ. ಕೊನೆಗೆ ಅವಳು ಝಮಕಿಯನ್ನು ತಂದು ತೊಡೆಯ ಮೇಲೆ ಕೂರಿಸಿಕೊಂಡಳು. ತೋಳು ಹಿಡಿದ ಕೂಡಲೇ ನನಗೆ ಗೊತ್ತಾಯಿತು. ಮೈ ಕೆಂಡದಂತೆ ಸುಡುತ್ತಿತ್ತು. ಎಷ್ಟು ದಿನದಿಂದ ಎಂದು ಕೇಳಿದೆ.

"ನಿನ್ನಿ ಮುಂಜಾನಿಂದ."

ಜ್ವರ ಬಂದ ಮೇಲೆ ಲಸಿಕೆಯಿಂದ ಉಪಯೋಗವಿಲ್ಲ. ಚಾಚಾಗೂ ಅದು ಗೊತ್ತಿತ್ತು. ಇಬ್ಬರೂ ಹೇಳಲಿಲ್ಲ. ನಾಲ್ಕು ಕಡೆ ಗೀರಿದೆ, ಸವರಿದೆ. ಒಣಗುವವರೆಗೆ ಸೋನಿಬಾಯಿ ಮಗುವಿನ ಕೈಯನ್ನು ಅಲುಗಾಡದಂತೆ ಹಿಡಿದುಕೊಂಡಳು, ಬೇವಿನ ಮರದ ಕೆಳಗೆ ನಿಂತು ನೋಡಿ ಕಲಿತಿದ್ದ ಹಾಗೆಯೇ.

ಗುಡ್ಡ ಇಳಿದೆವು. ಚಿಂಚೋಳಿಗೆ ಹೋಗಿ ಹೊಸ ಲಸಿಕೆಗೆ ಬರೆದೆ. ಅದು ಬರುವಷ್ಟರಲ್ಲಿ ಎಂಟು ದಿನ ತುಂಬಿತ್ತು. ಮತ್ತೆ ಹತ್ತಿದೆವು. ಹದಿಮೂರರಲ್ಲಿ ನಾಲ್ವರ ತೋಳಿನ ಮೇಲೆ ಮಾತ್ರ ಗುಳ್ಳೆ ಎದ್ದಿತ್ತು. ಇನ್ನು ನಾಲ್ವರು ಆರಾಮಾಗಿದ್ದರು, ಆದರೆ ತೋಳಿನ ಮೇಲೆ ಒಣಗಿದ ಗೀರು ಬಿಟ್ಟರೆ ಏನೂ ಇರಲಿಲ್ಲ. ಆ ಎರಡು ದಿನದ ಬಿಸಿಲು ಗಡಿಗೆಯೊಳಗೂ ತನ್ನ ಕೆಲಸ ಮಾಡಿತ್ತು. ಉಳಿದ ಐವರಿಗೂ ಸಿಡುಬು ಎದ್ದಿತ್ತು. ಅವರಲ್ಲಿ ಮೂವರು ನಾವು ಹೋಗುವಷ್ಟರಲ್ಲಿ ಹೋಗಿಬಿಟ್ಟಿದ್ದರು. ಮೊದಲೇ ಮಲಗಿದ್ದ ನಾಲ್ವರಲ್ಲಿ ಇಬ್ಬರು ಹೋಗಿದ್ದರು. ಮೊದಲು ತೀರಿಕೊಂಡ ಇಬ್ಬರೂ ಸೇರಿ ಒಟ್ಟು ಏಳು ಮಕ್ಕಳು. ಝಮಕಿ ಹಿಂದಿನ ದಿನವಷ್ಟೇ. ತಾಂಡಾದ ಪಡುವಣಕ್ಕೆ ಕೆಂಪು ಕಲ್ಲು ಪೇರಿಸಿದ ಏಳು ಗುಡ್ಡೆಗಳಿದ್ದವು. ಒಂದರ ಕಲ್ಲು ಇನ್ನೂ ಮಣ್ಣಿನಿಂದ ಒದ್ದೆಯಾಗಿತ್ತು.

ಗುಳ್ಳೆ ಏಳದ ನಾಲ್ವರಿಗೆ ಹೊಸ ಲಸಿಕೆ ಹಾಕಿದೆ. ಅದು ಹಿಡಿಯಿತೆಂದು ಆಮೇಲೆ ಗೊತ್ತಾಯಿತು. ಆ ನಾಲ್ವರಲ್ಲಿ ಒಬ್ಬನ ಕೈ ಹಿಡಿದು ಕೂತಿದ್ದವಳೂ ಸೋನಿಬಾಯಿಯೇ. ಅವನು ಅವಳ ನಾದಿನಿಯ ಮಗ. ಅವಳ ಮುಖದಲ್ಲಿ ಅಳುವಿರಲಿಲ್ಲ, ಸಿಟ್ಟಿರಲಿಲ್ಲ. ಸಿಟ್ಟು ಮಾಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಆಗ ಅವಳು ಕೇಳಿದ್ದು ಒಂದೇ. ಒಲೆಯ ಮೇಲಿನ ರೊಟ್ಟಿ ತಂದುಕೊಟ್ಟು, "ಉಂಡಿಯೇನು?" ಎಂದಳು.

ಕೊನೆಗೆ ಉಳಿದದ್ದು ಕಾಗದ. ಪ್ರತಿ ಊರಿಗೂ ಒಂದು ವರದಿ ಬರೆದು, ಅಲ್ಲಿಯ ಯಾರಾದರೂ ದೊಡ್ಡವರ ಸಹಿ ಹಾಕಿಸಬೇಕಿತ್ತು. ತಾಂಡಾದ ನಾಯಕ ಸ್ವತಃ ಸಿಡುಬಿನಿಂದ ಮಲಗಿದ್ದ. ಗಂಡಸರು ದೂರದ ಕಾಡಿನಲ್ಲಿದ್ದರು. ನನ್ನ ಜೊತೆ ಮಾತಾಡಲು ಮುಂದೆ ಬಂದವಳು ಅವಳೊಬ್ಬಳೇ. ವಿಳಂಬಕ್ಕೆ ಕಾರಣ ಎಂಬ ಕಡೆ ನಾನು ಉರ್ದುವಿನಲ್ಲಿ, ಮಳೆಯಿಂದಾಗಿ ದಾರಿ ಬಂದ್ ಆಗಿತ್ತು, ಐದು ದಿನ ಯಾರೂ ಗುಡ್ಡ ಹತ್ತಿ ಇಳಿಯುವಂತಿರಲಿಲ್ಲ ಎಂದು ಬರೆದೆ. ಅಕ್ಷರ ಚೆನ್ನಾಗಿ ಬಂದವು. ಪಕ್ಕದಲ್ಲಿ ನಿಂತಿದ್ದ ಮಹಬೂಬ್ ಚಾಚಾಗೆ ಉರ್ದು ಓದಲು ಬರುತ್ತಿತ್ತು. ಅವರು ನಿಧಾನವಾಗಿ ಓದಿದರು. ಆಮೇಲೆ ಬೀಡಿ ಹಚ್ಚುತ್ತೇನೆಂದು ಗುಡಿಸಲಿನ ಹೊರಗೆ ಹೋದರು. ಇನ್ನೂ ಎರಡು ಚಳಿಗಾಲ ನಾವು ಜೊತೆಯಾಗಿ ತಿರುಗಿದೆವು; ಆ ತಾಂಡಾದ ಹೆಸರನ್ನು ಅವರು ಮತ್ತೆ ಎತ್ತಲಿಲ್ಲ.

ನಾನು ಮಸಿಯ ಡಬ್ಬಿ ತೆರೆದು ಸೋನಿಬಾಯಿಯ ಮುಂದಿಟ್ಟೆ. ಅವಳು ಹೆಬ್ಬೆರಳನ್ನು ಮಸಿಗೆ ಅದ್ದಿ, ಕಾಗದದ ಮೇಲೆ ಇಡುವ ಮುಂಚೆ ತಡೆದಳು.

"ಇದರಾಗ ಏನ್ ಬರ್ದೀ ಸಾಬ?"

"ಮಳಿ ಬಂದಿತ್ತು ಅಂತ ಬರ್ದೀನಿ. ಅದಕ್ಕ ತಡ ಆತು ಅಂತ."

"ಮಳಿ ಬಂದಿದ್ದು ಖರೇನ" ಎಂದಳು ಅವಳು. "ಆ ಮಳ್ಯಾಗ ನಾ ಮ್ಯಾಲ ಹೋದೆ. ಅದನ್ನೂ ಬರ್ದೀಯೇನು?"

ಹೊರಗೆ ಚಾಚಾ ಕೆಮ್ಮಿದ್ದು ಕೇಳಿಸಿತು.

"ಬರ್ದೀನಿ" ಎಂದೆ.

ಅವಳು ಹೆಬ್ಬೆಟ್ಟು ಒತ್ತಿದಳು.